ಒಂದೇ ಮರದ ಅಂದಾಜು

ತಲೆ ಎತ್ತಿ ನಡೆಯುವುದು ನನ್ನ ಕಸುಬು. ಸೊಕ್ಕಿನಿಂದಲ್ಲ, ಅಡಿಕೆ ಗೊನೆ ಇರುವುದು ಮೇಲೆ ಆದ್ದರಿಂದ. ನಾನು ಚೇಣಿ ಹಿಡಿಯುವವನು. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ತೋಟದವರು ಫಸಲನ್ನು ಮರದ ಮೇಲಿರುವಾಗಲೇ ಒಬ್ಬನಿಗೆ ವಹಿಸಿಬಿಡುತ್ತಾರೆ. ಆ ಒಬ್ಬ ತೋಟವನ್ನು ಸುತ್ತು ಹಾಕಿ, ಇಲ್ಲಿ ಇಷ್ಟು ಅಡಿಕೆ ಆಗುತ್ತದೆ ಎಂದು ಅಂದಾಜು ಕಟ್ಟಿ ಮಾತು ಕೊಡಬೇಕು. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಅವನ ತಲೆಗೆ. ಅಂದಾಜು ತಪ್ಪಿದರೆ ಅದೂ ಅವನ ತಲೆಗೇ. ಮೇಳಿಗೆಯಿಂದ ಮಂಡಗದ್ದೆಯವರೆಗೆ ಎಷ್ಟೋ ತೋಟಗಳ ಮರದ ತುದಿ ನನಗೆ ಚೆನ್ನಾಗಿ ಪರಿಚಯ. ಆ ಮರಗಳ ಬುಡದಲ್ಲಿ ನಡೆದಾಡುವ ನನ್ನದೇ ಅಂಗಾಲು ಹೇಗಿದೆ ಎಂದು ಮಾತ್ರ ನಾನು ನೋಡಿದವನಲ್ಲ.

ನೋಡಿದವಳು ಹೆಂಡತಿ. ಅದಕ್ಕೂ ಮೊದಲು ಚೊಗರಿನ ವಿಷಯ ಹೇಳಬೇಕು. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು ಚೊಗರು. ಅದರ ಕಲೆ ಒಮ್ಮೆ ಹತ್ತಿದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಸುಗ್ಗಿಯಲ್ಲಿ ಮದುವೆ ಊಟಕ್ಕೆ ಕೂತವರ ಬೆರಳು ನೋಡಿಯೇ ಯಾರ ಮನೆಯ ಕೆಲಸ ಇನ್ನೂ ಮುಗಿದಿಲ್ಲ ಎಂದು ಹೇಳಬಹುದು. ಹಂಡೆಯ ಸುತ್ತ ಬರಿಗಾಲಲ್ಲಿ ಓಡಾಡುವ ನನ್ನಂಥವರಿಗೆ ಅಂಗಾಲೂ ಕಪ್ಪಾಗುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಚರ್ಮ ಸವೆದು ಅದು ತಾನಾಗಿ ಹೋಗುತ್ತದೆ. ಹಾಗಾಗಿ ನನ್ನ ಎಡಗಾಲಿನ ಹಿಮ್ಮಡಿಯ ಹತ್ತಿರ ಹುಣಸೆ ಬೀಜದಷ್ಟು ಕಪ್ಪು ಉಳಿದುಕೊಂಡಾಗ ಅದನ್ನು ಚೊಗರು ಎಂದೇ ತಿಳಿದೆ. ಆ ವರ್ಷ ಅದು ಹೋಗಲಿಲ್ಲ. ಅಷ್ಟರಲ್ಲಿ ಮುಂದಿನ ಸುಗ್ಗಿ ಬಂತು, ಎರಡೂ ಕಾಲು ಮತ್ತೆ ಕಪ್ಪಾದವು, ವಿಷಯ ಮರೆತೇಹೋಯಿತು.

ಯುಗಾದಿಯ ಎಣ್ಣೆಸ್ನಾನದ ದಿನ ಹೆಂಡತಿ ನನ್ನನ್ನು ಬಚ್ಚಲಲ್ಲಿ ಕೂರಿಸಿ, ಹಬ್ಬದ ದಿನವಾದರೂ ಮನುಷ್ಯನ ಹಾಗೆ ಕಾಣಿಸಿ ಎಂದು ಬೈಯುತ್ತಾ, ಹುಣಸೆಹಣ್ಣು ಹಚ್ಚಿ ಅಂಗಾಲು ತಿಕ್ಕತೊಡಗಿದಳು. ಬಲಗಾಲು ಬೆಳ್ಳಗಾಯಿತು. ಎಡಗಾಲಿನ ಹತ್ತಿರ ಅವಳ ಕೈ ನಿಂತಿತು.

"ಇದು ಚೊಗರಲ್ಲ ಮಾರಾಯ್ರೆ."

"ಮತ್ತೆಂತ, ದೃಷ್ಟಿಬೊಟ್ಟಾ? ಅಂಗಾಲಿಗೆ ಯಾರು ದೃಷ್ಟಿ ಹಾಕ್ತಾರೆ?"

"ತಮಾಷೆ ಸಾಕು. ಹುಣಸೆಹಣ್ಣಿಗೂ ಬಿಡ್ಲಿಲ್ಲ ಅಂದ್ರೆ ಇದು ಹೊರಗಿಂದ ಹತ್ತಿದ್ದಲ್ಲ. ಇದ್ರ ಅಂಚು ನೋಡಿ, ಒಂದು ಕಡೆ ಹರಡ್ಕೊಂಡು ಹೋಗಿದೆ. ಡಾಕ್ಟ್ರಿಗೆ ತೋರಿಸ್ಬೇಕು."

ಹಬ್ಬ ಮುಗಿದ ಮಾರನೆಯ ದಿನವೇ ತೀರ್ಥಹಳ್ಳಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಯಾವಾಗಲೂ ಹರಟೆ ಹೊಡೆಯುವ ಮನುಷ್ಯ. ಕಾಲನ್ನು ಬೆಳಕಿಗೆ ಹಿಡಿದು ನೋಡಿ ಅವತ್ತು ಸುಮ್ಮನಾದರು. ಆ ಮೌನಕ್ಕೆ ನನಗೆ ಮೊದಲ ಸಲ ಹೆದರಿಕೆಯಾಯಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಚರ್ಮದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರ್.

ನಾನು ನಂಬಲಿಲ್ಲ. ಚರ್ಮದ ಕ್ಯಾನ್ಸರ್ ಬಿಳಿ ಜನಕ್ಕೆ, ಬಿಸಿಲಿಗೆ ಮೈ ಒಡ್ಡಿದವರಿಗೆ ಬರುವುದು ಎಂದು ಎಲ್ಲೋ ಓದಿದ್ದೆ. ಆಕಾಶವೇ ಕಾಣದ ತೋಟದಲ್ಲಿ ಓಡಾಡುವವನ ಅಂಗಾಲಿಗೆ ಎಲ್ಲಿಯ ಬಿಸಿಲು? ನಮ್ಮ ಬಣ್ಣದವರಿಗೆ ಈ ರೋಗ ಬರುವುದೇ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ ಇಂಥ ಕಡೆಯೇ ಬರುತ್ತದೆ, ಯಾರೂ ನೋಡದ ಜಾಗವಾದ್ದರಿಂದ ತಡವಾಗಿ ಗೊತ್ತಾಗುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅವರು ಎಳೆ ವಯಸ್ಸಿನವರು. ಹೊರಗೆ ಜನ ಕಾಯುತ್ತಿದ್ದರು. ಕಪ್ಪಿನ ಸುತ್ತಲಿನ ಚರ್ಮವನ್ನೂ ಸೇರಿಸಿ ಅಗಲಕ್ಕೆ ತೆಗೆಯಬೇಕು, ಆ ಜಾಗಕ್ಕೆ ತೊಡೆಯ ಚರ್ಮ ತಂದು ಹಾಕಬೇಕು, ತೊಡೆಸಂದಿನ ಗ್ರಂಥಿಯೊಂದನ್ನು ತೆಗೆದು ರೋಗ ಅಲ್ಲಿಗೆ ಹೋಗಿದೆಯೇ ಎಂದು ನೋಡಬೇಕು ಎಂದರು. ಮುಂದೆ ಹೇಗೆ ಎಂದು ಕೇಳಿದೆ. ನಿಮ್ಮಂಥವರಿಗೆ ಐದು ವರ್ಷದ ಸರ್ವೈವಲ್, ಅಂದರೆ ಬದುಕುಳಿಯುವುದು, ಚೆನ್ನಾಗಿದೆ, ಹೆದರಬೇಡಿ ಎಂದರು. ಹೆಂಡತಿ ಆ ಹೊತ್ತಿನಲ್ಲಿ ಔಷಧಿ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು.

ಅವರು ಹೇಳಿದ್ದು ಧೈರ್ಯದ ಮಾತು. ನನ್ನ ತಲೆಗೆ ಹೋಗಿದ್ದು ಬೇರೆ. ನಮ್ಮ ಕಸುಬಿನಲ್ಲಿ ವರ್ಷದ ಮಾತು ಬಂದರೆ ಅದು ಕರಾರು. ಒಂದು ವರ್ಷಕ್ಕೆ ಚೇಣಿ ಕೊಡುವವರಿದ್ದಾರೆ, ಮೂರು ವರ್ಷಕ್ಕೆ ಕೊಡುವವರಿದ್ದಾರೆ, ನಂಬಿಕೆಯವನಾದರೆ ಐದು ವರ್ಷಕ್ಕೆ ಬಿಟ್ಟುಕೊಡುವವರೂ ಇದ್ದಾರೆ. ಅವಧಿ ಮುಗಿದ ದಿನ ಗೊನೆ ಕೊಯ್ಯುವ ದೋಟಿ, ಬುಟ್ಟಿ ಎತ್ತಿಕೊಂಡು ತೋಟದಿಂದ ಹೊರಡಬೇಕು. ನನಗೂ ಹಾಗೇ ಐದು ವರ್ಷದ ಚೇಣಿ ಸಿಕ್ಕಿದೆ ಎಂದು ತಿಳಿದುಕೊಂಡೆ. ಬಸ್ಸು ಆಗುಂಬೆ ಘಾಟಿ ಹತ್ತುವಾಗ ಒಂದೊಂದು ತಿರುವಿಗೂ ನನ್ನ ಯೋಚನೆ ಗಟ್ಟಿಯಾಗುತ್ತಾ ಹೋಯಿತು. ಹೇಗೂ ಐದು ವರ್ಷ. ಅದಕ್ಕೆ ಕಾಲು ಯಾಕೆ ಕೊಯ್ಯಿಸಿಕೊಳ್ಳಬೇಕು? ತೋಟ ತಿರುಗುವವನಿಗೆ ಹಿಮ್ಮಡಿಯೇ ಬಂಡವಾಳ. ಇರುವಷ್ಟು ದಿನ ಎರಡೂ ಕಾಲಲ್ಲಿ ನಡೆದು ಹೋದರಾಯಿತು. ಇದು ಬಹಳ ಬುದ್ಧಿವಂತಿಕೆಯ ಲೆಕ್ಕ ಎಂದು ಆಗ ನನಗೆ ನಿಜವಾಗಿಯೂ ಅನಿಸಿತ್ತು.

ಮೇಗರವಳ್ಳಿ ದಾಟುವಾಗ ಹೆಂಡತಿಗೆ ಹೇಳಿದೆ. ಆಪರೇಷನ್ ಬೇಡ ಎಂದೆ, ಯಾಕೆ ಎಂದೂ ಹೇಳಿದೆ. ಅವಳು ಕಿಟಕಿಯ ಗಾಜು ಎಳೆದು ನನ್ನ ಕಡೆ ತಿರುಗಿದಳು.

"ಐದು ವರ್ಷ ಆದ್ಮೇಲೆ ಎಂತ ಆಗ್ತದಂತೆ? ಕೇಳಿದ್ರಾ?"

"ಅದನ್ನೂ ಬಾಯಿಬಿಟ್ಟು ಕೇಳ್ಬೇಕಾ?"

"ಕೇಳ್ಬೇಕಿತ್ತು," ಎಂದಳು. ಅಷ್ಟೇ.

ಮನೆಗೆ ಬಂದ ಮೇಲೆ ಜಗಳವೋ ಜಗಳ. ನನ್ನ ಮಾತಿಗೆ ಆಧಾರ ಬೇಕಲ್ಲ ಎಂದು ಮೊಬೈಲಿನಲ್ಲಿ ಹುಡುಕಿದೆ. ಅದರಲ್ಲಿ ಇದೇ ರೋಗದ ಹೆಸರಿನ ಕೆಳಗೆ ಒಂದು ಅಂಕಿ ಕಂಡಿತು, ಎದೆ ಧಸಕ್ಕೆನ್ನುವಂಥದು. ಅವಳಿಗೆ ತೋರಿಸಿದೆ. ನೋಡು, ಐದು ವರ್ಷವೂ ಅನುಮಾನವೇ ಎಂದೆ. ಅವಳು ಓದಿ, "ಇದು ಯಾರ್ದು? ನಿಮ್ದಾ?" ಎಂದು ಮೊಬೈಲನ್ನು ಮಗುಚಿ ಇಟ್ಟಳು. ಮಾರನೆಯ ದಿನ ಚೀಲಕ್ಕೆ ಬಟ್ಟೆ ತುಂಬಿಕೊಂಡು ಸಾಗರದ ತವರುಮನೆಗೆ ಹೋಗಿಬಿಟ್ಟಳು. ಮದುವೆಯಾದಾಗಿನಿಂದ ಒಂದು ಸಲವೂ ಹಾಗೆ ಹೋದವಳಲ್ಲ. ಎರಡು ದಿನ ನಾನೂ ಬಿಗಿಯಾಗಿದ್ದೆ. ಮೂರನೆಯ ದಿನ ಫೋನ್ ಮಾಡಿ, ಯಾವಾಗ ಬರ್ತೀಯ ಮಾರಾಯ್ತಿ ಎಂದು ಕೇಳಿದೆ.

"ಕರ್ಕೊಂಡು ಹೋಗೋದಾದ್ರೆ ಆಸ್ಪತ್ರೆಗೇ ಕರ್ಕೊಂಡು ಹೋಗಿ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನು ಹೇಳಲ್ಲ. ಕೇಳ್ದೆ ಬಿಟ್ಟಿದ್ದನ್ನ ಕೇಳಿ ಬರಾಣ. ಆಮೇಲೂ ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ."

ಸಾಗರಕ್ಕೆ ಹೋದೆ. ಅತ್ತೆಮನೆಯವರ ಮುಂದೆ ಮುಖ ಸಣ್ಣದು ಮಾಡಿಕೊಂಡು ಕಾಫಿ ಕುಡಿದೆ. ಅಲ್ಲಿಂದ ಇಬ್ಬರೂ ಹೊಸನಗರದ ಮೇಲೆ ಬಸ್ಸು ಹಿಡಿದು ಹುಲಿಕಲ್ ಘಾಟಿ ಇಳಿದೆವು. ದಾರಿಯುದ್ದಕ್ಕೂ ಅವಳು ಮುಖ ತಿರುಗಿಸಿಕೊಂಡೇ ಕಿತ್ತಳೆ ಸುಲಿದು ನನ್ನ ಕೈಗೆ ಕೊಡುತ್ತಾ ಬಂದಳು. ಸಿಟ್ಟಿನ ಅರ್ಧ ಇಳಿದಿದೆ ಎಂದು ನಾನು ಅಂದಾಜು ಮಾಡಿದೆ.

ಆ ದಿನ ನಮ್ಮನ್ನು ನೋಡಿದ್ದು ವಿಭಾಗದ ಹಿರಿಯ ಡಾಕ್ಟರಮ್ಮ. ನಾನು ಕೂತವನೇ, ಐದು ವರ್ಷ ಸಾಕು, ಕಾಲು ಮುಟ್ಟುವುದು ಬೇಡ ಎಂದು ಒದರಿಬಿಟ್ಟೆ. ಅವರು ರಿಪೋರ್ಟು ಪಕ್ಕಕ್ಕಿಟ್ಟರು. ನಕ್ಕರೇನೋ ಎಂದು ಮುಖ ನೋಡಿದೆ. ನಗಲಿಲ್ಲ.

"ಎಂತ ಕೆಲಸ ಮಾಡ್ತೀರಿ ನೀವು?"

ಹೇಳಿದೆ. ಅವರಿಗೆ ಚೇಣಿ ಗೊತ್ತಿರಲಿಲ್ಲ. ವಿವರವಾಗಿ ಕೇಳಿದರು. ಮಳೆಗಾಲಕ್ಕೆ ಮೊದಲು ನೋಡಿದರೆ ಹೇಗೆ, ಆಮೇಲೆ ನೋಡಿದರೆ ಹೇಗೆ, ಅಂದಾಜು ಯಾವುದರಿಂದ ಕೆಡುತ್ತದೆ ಎಂದೆಲ್ಲ. ನನ್ನ ಕಸುಬಿನ ಬಗ್ಗೆ ಅಷ್ಟು ಆಸಕ್ತಿಯಿಂದ ಕೇಳಿದವರು ಕಡಿಮೆ. ನಾನು ರೋಗ ಮರೆತು ಹತ್ತು ಮಾತು ಜಾಸ್ತಿಯೇ ಹೇಳಿದೆ. ಅವರು ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

"ಸಾವಿರ ಮರದ ತೋಟಕ್ಕೆ ಅಂದಾಜು ಹೇಳ್ತೀರಿ. ನಾನು ಒಂದೇ ಮರ ತೋರಿಸಿ, ಇದ್ರಲ್ಲಿ ಕೊಯ್ಲಿನವರೆಗೆ ಎಷ್ಟು ಉಳೀತದೆ ಅಂತ ಕೇಳಿದ್ರೆ?"

"ಒಂದು ಮರದ್ದು ಯಾರು ಹೇಳ್ತಾರೆ ಡಾಕ್ಟ್ರೇ? ಮಂಗ ಹತ್ಬಹುದು, ಕೊಳೆರೋಗ ಬರ್ಬಹುದು, ಗಾಳಿಗೆ ಮುರಿದು ಬೀಳ್ಬಹುದು. ಎಂತದೂ ಆಗ್ದೆ ಗೊನೆ ತುಂಬಾನೂ ನಿಲ್ಬಹುದು."

"ನಮ್ದೂ ಅಷ್ಟೇ. ನಿಮ್ಮ ಹಾಗೆ ಇದೇ ರೋಗ, ಇಷ್ಟೇ ಆಳಕ್ಕೆ ಇಳಿದ ಬಹಳ ಜನರನ್ನ ನೋಡಿ ಕಟ್ಟಿದ ಅಂದಾಜು ಅದು. ತೋಟದ್ದು. ಒಂದು ಮರದ್ದಲ್ಲ."

ಹಾಗಾದರೆ ಐದು ವರ್ಷ ಎಲ್ಲಿಂದ ಬಂತು ಎಂದು ಕೇಳಿದೆ. ಎಷ್ಟು ಜನ ಬದುಕಿದ್ದಾರೆ ಎಂದು ಎಲ್ಲೋ ಒಂದು ಕಡೆ ನಿಂತು ಎಣಿಸಬೇಕಲ್ಲ, ಎಲ್ಲರೂ ಒಂದೇ ಜಾಗದಲ್ಲಿ ನಿಂತು ಎಣಿಸಿದರೆ ಹೋಲಿಸಿ ನೋಡಲು ಸುಲಭ, ಅದಕ್ಕೆ ಐದು ಎಂದರು. "ಅಲ್ಲಿಗೆ ಎಣಿಕೆ ನಿಲ್ತದೆ, ಜನ ನಿಲ್ಲಲ್ಲ. ಐದನೇ ವರ್ಷದಲ್ಲಿ ಇದ್ದವರು ಹತ್ತರಲ್ಲೂ ಇರ್ತಾರೆ, ಇಪ್ಪತ್ತರಲ್ಲೂ ಇರ್ತಾರೆ. ಅದು ಅವರಿಗೆ ಕೊಟ್ಟ ಅವಧಿ ಅಲ್ಲ." ಮೊಬೈಲಿನಲ್ಲಿ ಕಂಡ ಅಂಕಿಯನ್ನೂ ತೋರಿಸಿದೆ. ಅದು ರೋಗ ಬೇರೆ ಅಂಗಗಳಿಗೆ ಹಬ್ಬಿದವರದು, ಅದೂ ಬೇರೆ ದೇಶದವರದು, ಹೊಸ ಔಷಧಿಗಳು ಬರುವ ಮೊದಲಿನ ಕಾಲದವರೂ ಅದರಲ್ಲಿ ಸೇರಿದ್ದಾರೆ ಎಂದರು. ಅಂಗಾಲಿನ ರೋಗದ ಬಗ್ಗೆ, ಅದರಲ್ಲೂ ನಮ್ಮ ಜನರ ಬಗ್ಗೆ ಲೆಕ್ಕವೇ ಕಡಿಮೆ, ಆದ್ದರಿಂದ ತಮ್ಮ ಅಂದಾಜೂ ಸ್ವಲ್ಪ ಹಿಂದೆ ಮುಂದೆ ಆಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಗ್ರಂಥಿ ಪರೀಕ್ಷೆಯಾದ ಮೇಲೆ ಇನ್ನೊಂದಿಷ್ಟು ಸ್ಪಷ್ಟವಾಗಿ ಹೇಳಬಹುದು ಎಂದರು.

ಇಷ್ಟಕ್ಕೂ ನನ್ನ ಹಟ ಪೂರ್ತಿ ಹೋಗಿರಲಿಲ್ಲ. ಅಂದಾಜು ಅಷ್ಟು ಚೆನ್ನಾಗಿದೆ ಎಂದಾದರೆ ಕೊಯ್ಯುವುದು ಯಾಕೆ, ಹಾಗೇ ಬಿಟ್ಟರೂ ನಡೆಯುತ್ತದಲ್ಲ ಎಂದೆ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಕೊಳೆರೋಗಕ್ಕೆ ಮದ್ದು ಹೊಡೆದ ತೋಟದ ಅಂದಾಜನ್ನ ಮದ್ದು ಹೊಡೀದೆ ಇದ್ದ ತೋಟಕ್ಕೆ ಹಾಕ್ತೀರಾ ನೀವು?"

ಅಂಥ ಕೆಲಸ ಮಾಡಿದ ಚೇಣಿಯವನನ್ನು ಊರಲ್ಲಿ ಯಾರೂ ಚೇಣಿಯವ ಎಂದು ಕರೆಯುವುದಿಲ್ಲ. ಅವರು ಹೇಳಿದ ಒಳ್ಳೆಯ ಅಂದಾಜು ಆಪರೇಷನ್ ಮಾಡಿಸಿಕೊಂಡವರದು. ಮಾಡಿಸಿಕೊಳ್ಳದೆ ಅದೇ ಅಂದಾಜು ಸಿಗಬೇಕು ಎಂದು ನಾನು ಕೂತಿದ್ದೆ. ಇಡೀ ಜೀವಮಾನ ಅಂದಾಜು ಕಟ್ಟಿ ಬದುಕಿದವನು ಮಾಡುವ ತಪ್ಪೇ ಇದು? ನಾಚಿಕೆಯಾಯಿತು, ನಗುವೂ ಬಂತು. ಕೊನೆಗೆ, ಹಾಗಾದರೆ ನಾನು ಯಾವ ಕಡೆಯವನು ಡಾಕ್ಟ್ರೇ, ಉಳಿಯುವವನೋ ಅಲ್ಲವೋ ಎಂದು ಕೇಳಿದೆ.

"ನಿಮ್ಮಂಥ ಹೆಚ್ಚಿನವರು ಚೆನ್ನಾಗಿರ್ತಾರೆ. ನೀವು ಅಂತ ಬೊಟ್ಟು ಮಾಡಿ ಹೇಳ್ಲಿಕ್ಕೆ ನನ್ನಿಂದ ಆಗಲ್ಲ. ಆಗ್ತದೆ ಅಂದ್ರೆ ಸುಳ್ಳಾಗ್ತದೆ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಆಪರೇಷನ್‌ಗೆ ಒಪ್ಪಿದೆ. ಹೊರಗೆ ಕಾಯುತ್ತಿದ್ದವರ ಮುಖ ಗಂಟಾಗಿತ್ತು. ಒಬ್ಬ ಹಟಮಾರಿಗಾಗಿ ಅಷ್ಟು ಹೊತ್ತು ತೆಗೆದ ಆ ಡಾಕ್ಟರಮ್ಮನನ್ನು ನೆನೆಯದೆ ನನಗೆ ಇವತ್ತಿಗೂ ಒಂದು ಸುಗ್ಗಿ ಮುಗಿಯುವುದಿಲ್ಲ. ಆ ಗಾಬರಿಯಲ್ಲಿ ಅವರು ಕೊಟ್ಟಿದ್ದು ಔಷಧಿಗಿಂತ ದೊಡ್ಡದು. ನನ್ನದೇ ಬುದ್ಧಿಯನ್ನು ನನಗೆ ವಾಪಸು ಕೊಟ್ಟರು.

ಆಪರೇಷನ್ ಆಯಿತು. ಗ್ರಂಥಿಯಲ್ಲಿ ಏನೂ ಸಿಗಲಿಲ್ಲ. ಆ ಸುದ್ದಿ ಬಂದ ದಿನ ವಾರ್ಡಿನ ಊಟದ ನೀರು ಸಾರು ಕೂಡ ರುಚಿಯಾಗಿತ್ತು. ಹಿಮ್ಮಡಿಯ ಪಕ್ಕದಲ್ಲಿ ಈಗ ತೊಡೆಯ ಚರ್ಮ ಇದೆ, ಸ್ವಲ್ಪ ತಗ್ಗಾಗಿ, ಬೇರೆ ಬಣ್ಣದಲ್ಲಿ. ಮೊದಮೊದಲು ಕೋಲು ಹಿಡಿದು ನಡೆದೆ. ಆಮೇಲೆ ಮೆತ್ತನೆಯ ಅಟ್ಟೆಯ ಬೂಟು ಬಂತು. ಬೂಟು ಹಾಕಿಕೊಂಡು ತೋಟಕ್ಕೆ ಇಳಿದ ಮೊದಲ ದಿನ ಗೊನೆ ಕೊಯ್ಯುವವರು ಮರದ ಮೇಲಿಂದಲೇ, ಸಾಹೇಬರು ಬಂದ್ರು, ಸಾಹೇಬರು ಬಂದ್ರು ಎಂದು ಕೂಗಿದರು. ಅವರ ಕುಚೋದ್ಯ ಕೇಳಿ ಕಣ್ಣಲ್ಲಿ ನೀರು ಬಂತು. ಮತ್ತೆ ತಲೆ ಎತ್ತಿ ನೋಡಿದ್ದರಿಂದ ಬಂದ ನೀರು ಎಂದು ಸಾಧಿಸಿದೆ.

ಆ ದಿನವೇ ಹೆಂಡತಿಯೂ ಜೊತೆಗೆ ಹೊರಟಿದ್ದಳು. ಕಾಲು ಎಡವಿದರೆ ಎಂಬ ಭಯಕ್ಕೆ ಬರುತ್ತಾಳೆ, ನಾಲ್ಕು ದಿನ ಬಂದು ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಸಾಗರದ ಪೇಟೆಯಲ್ಲಿ ಬೆಳೆದವಳು, ಅಲ್ಲಿಯವರೆಗೆ ತೋಟದ ಕೆಲಸಕ್ಕೆ ಬಂದವಳೇ ಅಲ್ಲ. ಈಗ ಮಳೆ ಹೊಯ್ಯುತ್ತಿದ್ದರೂ ಸೀರೆ ಎತ್ತಿ ಸಿಕ್ಕಿಸಿ, ಕೊಡೆ ಹಿಡಿದು ನನ್ನ ಹಿಂದೆಯೇ ಇರುತ್ತಿದ್ದಳು. ಮನೆಯಲ್ಲಿ ಕೂತು ಬೇಜಾರು ಎನ್ನುತ್ತಿದ್ದಳು. ಈ ಮರದ ಗೊನೆ ಯಾಕೆ ಹಗುರ, ಆ ಸಾಲಿನಲ್ಲಿ ಯಾಕೆ ಕಾಯಿ ಉದುರಿದೆ ಎಂದು ಕೇಳುತ್ತಿದ್ದಳು. ಒಂದೆರಡು ವರ್ಷದಲ್ಲಿ ನಾನು ಬಾಯಿ ಬಿಡುವ ಮೊದಲೇ ಅವಳ ಅಂದಾಜು ಬರತೊಡಗಿತು. ಕೆಲವು ಸಲ ನನ್ನದಕ್ಕಿಂತ ಅವಳದೇ ಹತ್ತಿರವಾಗುತ್ತಿತ್ತು. ತೋಟದವರು ನನ್ನನ್ನು ಬಿಟ್ಟು ಅವಳನ್ನೇ, ಎಂತ ಆಗಬಹುದು ಅಮ್ಮ ಎಂದು ಕೇಳುವಂತಾಯಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಹೆಚ್ಚು ಹೆಮ್ಮೆಯಾಯಿತು.

ಘಟ್ಟದ ಕೆಳಗೆ ತಪಾಸಣೆಗೆ ಮೊದಲು ಕೆಲವು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಹೋಗುವ ಹಿಂದಿನ ವಾರ ನನ್ನ ಸಿಡುಕು ಹೇಳತೀರದು. ಚಟ್ನಿಗೆ ಉಪ್ಪು ಹೆಚ್ಚು, ಸಾರಿಗೆ ಹುಳಿ ಕಡಿಮೆ. ಡಾಕ್ಟರಮ್ಮ ಕಾಲು, ತೊಡೆಸಂದು ಒತ್ತಿ ನೋಡಿ, ಏನಿಲ್ಲ ಎಂದ ಕೂಡಲೇ ಜಗತ್ತೇ ಸರಿಯಾಗುತ್ತಿತ್ತು. ಒಂದು ಸಲ ಅವರೇ ಹೇಳಿದರು, ಮೊದಲ ವರ್ಷಗಳು ಕಳೆಯುತ್ತಾ ಹೋದ ಹಾಗೆ ಅಂದಾಜು ಮತ್ತೆ ಹೊಸದಾಗಿ ಕಟ್ಟಬೇಕು, ಅದು ಒಳ್ಳೆಯ ಕಡೆಗೇ ಹೋಗುತ್ತದೆ ಎಂದು. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ನೋಡಿದ ತೋಟ ಬೇರೆ, ಕೊಳೆಯ ಮಳೆ ಪೂರ್ತಿ ಕಳೆದ ಮೇಲೂ ಗೊನೆ ಹಸಿರಾಗಿ ನಿಂತ ತೋಟ ಬೇರೆ. ಭಯ ಪೂರ್ತಿ ಹೋಗಲಿಲ್ಲ. ಅದರ ಜೊತೆ ಊಟ ಮಾಡಿ ಮಲಗುವುದು ಅಭ್ಯಾಸವಾಯಿತು. ಈಚೆಗೆ ನನ್ನ ಹತ್ತಿರ ಕೆಲಸಕ್ಕೆ ಬಂದವರಿಗೆಲ್ಲ ಸುಗ್ಗಿ ಮುಗಿದ ಮೇಲೆ ಅಂಗಾಲು, ಅಂಗೈ, ಉಗುರು ನೋಡಿಕೊಳ್ಳಲು ಹೇಳುತ್ತೇನೆ. ಹೋಗದ ಕಲೆ ಕಂಡರೆ ನಾನೇ ತೀರ್ಥಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ.

ಹೋದ ಮಳೆಗಾಲದಲ್ಲಿ ಐದು ವರ್ಷ ತುಂಬಿತು. ಡಾಕ್ಟರಮ್ಮ ನೋಡಿ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು, ಕಾಲಿನ ಮೇಲೆ ಕಣ್ಣಿರಲಿ ಎಂದರು. ಇಬ್ಬರೂ ಕೈ ಮುಗಿದು ಬಂದೆವು. ಬಸ್ಸಿನಲ್ಲಿ ಹೆಂಡತಿ ನನ್ನ ಹೆಗಲಿಗೆ ಒರಗಿ ಗಾಢವಾಗಿ ನಿದ್ದೆ ಹೋದಳು. ಘಾಟಿಯ ತಿರುವಿನಲ್ಲೂ ಎಚ್ಚರವಾಗಲಿಲ್ಲ. ಹಾಗೆ ಅವಳು ನಿದ್ದೆ ಮಾಡಿದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೊಸನಗರದ ಕಡೆ ಒಂದು ತೋಟ ನೋಡುವುದಿತ್ತು. ಬೂಟು ಕಟ್ಟಿ, ಕೊಡೆ ಹಿಡಿದು ಕರೆದೆ. ಅವಳು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಳು. ಹೊರಡುವ ಲಕ್ಷಣ ಕಾಣಲಿಲ್ಲ.

"ಇನ್ನು ನಾನು ಬರಲ್ಲ. ನೀವೇ ಹೋಗಿ ಬನ್ನಿ."

"ಎಂತ ಆಯ್ತು? ಹುಷಾರಿಲ್ವಾ?"

"ಹುಷಾರಿದ್ದೀನಿ. ನಂಗೆ ಇಂಬಳ ಕಂಡ್ರೆ ಆಗಲ್ಲ. ಕಾಲಿಗೆ ಹತ್ತಿದ್ರೆ ಜೀವ ಹೋದ ಹಾಗಾಗ್ತದೆ. ಸಾಕಾಯ್ತು."

ಮಳೆಗಾಲದ ತೋಟವೆಂದರೆ ಇಂಬಳದ, ಅಂದರೆ ನೆಲಜಿಗಣೆಯ ರಾಜ್ಯ. ಹೆಜ್ಜೆ ಇಟ್ಟಲ್ಲಿ ಹತ್ತಿ ರಕ್ತ ಕುಡಿಯುತ್ತವೆ. ನಮಗೆ ಅದು ಲೆಕ್ಕಕ್ಕಿಲ್ಲ, ಬೆರಳಲ್ಲಿ ಕಿತ್ತು ಎಸೆದು ಮುಂದೆ ಹೋಗುತ್ತೇವೆ. ಅವಳೂ ಹಾಗೇ ಕಿತ್ತು ಎಸೆಯುತ್ತಿದ್ದಳು, ಮುಖದಲ್ಲಿ ಏನೂ ತೋರಿಸದೆ.

"ಮತ್ತೆ ಇಷ್ಟು ವರ್ಷ ಎಂತಕ್ಕೆ ಬಂದೆ ಮಾರಾಯ್ತಿ?"

"ಕೆಲಸ ಕಲೀಬೇಕಿತ್ತಲ್ಲ. ಡಾಕ್ಟ್ರು ಹೆಚ್ಚಿನವರು ಚೆನ್ನಾಗಿರ್ತಾರೆ ಅಂದ್ರು. ಎಲ್ಲರೂ ಅನ್ಲಿಲ್ಲ."

ಅವಳು ಅದನ್ನು ಸಾರಿಗೆ ಏನು ಹಾಕಲಿ ಎಂದು ಕೇಳುವ ದನಿಯಲ್ಲೇ ಹೇಳಿದಳು. ಒಂದೇ ಕೋಣೆಯಲ್ಲಿ ಕೂತು ಇಬ್ಬರೂ ಕೇಳಿಸಿಕೊಂಡ ಮಾತು ಅದು. ಅದರಲ್ಲಿ ಇಷ್ಟವಾದ ಭಾಗವನ್ನು ನಾನು ತೆಗೆದುಕೊಂಡು ನೆಮ್ಮದಿಯಾಗಿದ್ದೆ. ಉಳಿದ ಭಾಗವನ್ನು ಅವಳು ತೆಗೆದುಕೊಂಡಿದ್ದಳು. ನಾನಿಲ್ಲದ ದಿನಕ್ಕೆ ಅವಳು ನನ್ನ ಜೊತೆಯಲ್ಲೇ ನಡೆದು, ನನ್ನನ್ನೇ ಕೇಳಿ ಕೇಳಿ ತಯಾರಾಗುತ್ತಿದ್ದಳು. ನನಗೆ ಗೊತ್ತೇ ಆಗಲಿಲ್ಲ. ಕಟ್ಟಿದ ಬೂಟು ಬಿಚ್ಚಲು ಬಗ್ಗಿದೆ. "ತೋಟದವರು ಕಾಯ್ತಾರೆ, ಹೊರಡಿ," ಎಂದು ಅವಳು ಒಳಗೆ ಹೋದಳು.

ತೋಟಕ್ಕೆ ಒಬ್ಬನೇ ಹೋದೆ. ಒಳ್ಳೆಯ ಫಸಲಿತ್ತು. ಸುತ್ತು ಮುಗಿಸಿ ಅಭ್ಯಾಸಬಲದಿಂದ ಹಿಂದೆ ತಿರುಗಿ, ಎಷ್ಟಾಗಬಹುದು ಎಂದು ಕೇಳಿದೆ. ಅವಳಿರಲಿಲ್ಲ. ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಎರಡನೆಯ ಲೋಟ ಕಾಫಿ ಕುಡಿಯುತ್ತಿರಬಹುದು ಎಂದುಕೊಂಡೆ. ನಾನು ಉಳಿಯುವೆನೆಂಬ ಭರವಸೆ ಅವಳಿಗೆ ಬಂದಿದೆ ಎಂದು ಆಗ ಹೊಳೆಯಿತು. ಆ ಮಳೆಯಲ್ಲಿ ಕೊಡೆ ಹಿಡಿಯುವುದನ್ನೂ ಮರೆತು ಸುಮಾರು ಹೊತ್ತು ನಿಂತೇ ಇದ್ದೆ.